ಮೈಲಪ್ಪ ಬಚ್ಚಿಟ್ಟ ನೀರು

ಬೇಟೆಯನ್ನು ಬಿಟ್ಟವರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ. ಬೇಟೆಯ ಗುಟ್ಟನ್ನು ಬಿಟ್ಟವರು ದುರ್ಲಭ. ಮೈಲಪ್ಪನು ಮೊದಲನೆಯ ವರ್ಗಕ್ಕೆ ಸೇರಿ ಮೂವತ್ತೈದು ವರ್ಷಗಳಾಗಿದ್ದವು. ಎರಡನೆಯ ವರ್ಗಕ್ಕೆ ಸೇರಲು ಅವನಿಗೆ ಒಂದು ವಾರ ಹಿಡಿಯಿತು. ಆ ವಾರದಲ್ಲಿ ಪಣಕ್ಕಿದ್ದದ್ದು ಒಂದು ಹಳೆಯ ಕಲ್ಲುಗಣಿಯ ಹೊಂಡ ಮತ್ತು ಅದರ ತಳದಲ್ಲಿ ಉಳಿದಿದ್ದ ಮೊಳಕಾಲಷ್ಟು ನೀರು.

ಅವನ ಊರು ಅಗಡಿಯಿಂದ ಗುತ್ತಲದ ಕಡೆಗೆ ಹೋಗುವಾಗ ಎಲ್ಲಿಯೋ ಒಂದೆಡೆ ಇದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಏಕೆಂಬುದು ಓದುತ್ತ ಹೋದವರಿಗೆ ತಾನೇ ತಿಳಿದೀತು. ಊರಿನ ಹಿಂದೆ ದನ ಮೇಯುವ ಬರಡು ನೆಲ; ಆ ನೆಲದ ಅಂಚಿನಲ್ಲಿ, ಹಿಂದೆ ರಸ್ತೆಗಾಗಿ ಕಲ್ಲು ತೆಗೆದು ಬಿಟ್ಟುಹೋದ ಹೊಂಡ. ಮಾಘಮಾಸ ಕಳೆದು ಸುತ್ತಣ ಹಳ್ಳಗಳು ಬತ್ತಿದಾಗ ಆ ಹೊಂಡದಲ್ಲಿ ಮಾತ್ರ ಬಂಡೆಯ ಬಿರುಕಿನಿಂದ ನೀರು ಜಿನುಗುತ್ತದೆ. ಹೊತ್ತು ಮೂಡಿ ಎರಡು ಮಾರು ಏರಿದ ಮೇಲೆ ಕಲ್ಲುಗೌಜಲ ಹಕ್ಕಿಗಳು ಅಲ್ಲಿಗೆ ಹಿಂಡುಹಿಂಡಾಗಿ ಇಳಿಯುತ್ತವೆ. ಗಾತ್ರದಲ್ಲಿ ಪಾರಿವಾಳವನ್ನು ಹೋಲುವ, ಬಣ್ಣದಲ್ಲಿ ತಾವು ಕುಳಿತ ನೆಲವನ್ನೇ ಹೋಲುವ ಹಕ್ಕಿಗಳವು. ಹಗಲೆಲ್ಲ ಒಣಕಾಳು ತಿಂದು ಬದುಕುವ ಅವಕ್ಕೆ ದಿನಕ್ಕೊಮ್ಮೆ ನೀರು ಬೇಕೇ ಬೇಕು; ಬಂದು ನಾಲ್ಕು ಗುಟುಕು ಕುಡಿದು, ಸಾಲ ಕೊಟ್ಟವನನ್ನು ಕಂಡವರಂತೆ ಎದ್ದುಹೋಗುತ್ತವೆ.

ಮೈಲಪ್ಪನ ಅಪ್ಪ, ಅಜ್ಜ ಇಬ್ಬರೂ ಆ ನೀರಿನ ದಂಡೆಯಲ್ಲಿ ಬಲೆ ಹಾಸಿದವರು. ಬಲೆಗಾರರಲ್ಲಿ ಒಂದು ನೇಮವಿತ್ತು: ಹಿಡಿದದ್ದನ್ನು ಹೆಚ್ಚಿಸಿ ಹೇಳಬಾರದು, ಹಿಡಿದ ನೆಲವನ್ನು ನಿಜವಾಗಿ ಹೇಳಬಾರದು. ಹನ್ನೆರಡು ಹಕ್ಕಿ ಹಿಡಿದವನು ಹದಿಮೂರು ಎಂದರೆ ಜಾತಿಯವರು ನಗುತ್ತಿದ್ದರು. ಪಡುವಣದಲ್ಲಿ ಹಿಡಿದವನು ಪಡುವಣ ಎಂದರೆ ಅವನನ್ನು ತಿಳಿಗೇಡಿಯೆಂದು ಬಗೆಯುತ್ತಿದ್ದರು. ಕೇಳುವವನಿಗೂ ಒಂದು ಮರ್ಯಾದೆ ಇತ್ತು. ಹೇಳಿದ ಸುಳ್ಳನ್ನು ತಲೆಯಾಡಿಸಿ ಸ್ವೀಕರಿಸಬೇಕು, ಎರಡನೆಯ ಸಲ ಕೇಳಬಾರದು, ಹೇಳಿದ ಕಡೆಗೆ ಮರೆತೂ ಹೋಗಬಾರದು. ಹೀಗೆ ಸುಳ್ಳು ಹೇಳುವವನಿಗೂ ಪಾಪವಿರಲಿಲ್ಲ, ಕೇಳುವವನಿಗೂ ಮೋಸವಿರಲಿಲ್ಲ. ಇಷ್ಟು ಶುದ್ಧವಾದ ಅಸತ್ಯವು ಲೋಕದಲ್ಲಿ ವಿರಳ.

ಬೇಟೆಯನ್ನು ನಿಷೇಧಿಸುವ ಕಾಯಿದೆ ಬಂದ ಮೇಲೂ ಕೆಲವು ವರ್ಷ ಮೈಲಪ್ಪನ ಬಲೆ ಒಣಗಲಿಲ್ಲ. ಕಡೆಗೊಂದು ದಿನ ಅರಣ್ಯದ ಗಾರ್ಡನೊಬ್ಬನು ಅದನ್ನು ಹಣಮಪ್ಪನ ಗುಡಿಯ ಮುಂದೆ ಸುಟ್ಟನು. ಮೈಲಪ್ಪನು ಬೂದಿಯನ್ನು ನೋಡಿ ಕೈಮುಗಿದು ಮನೆಗೆ ನಡೆದನು. ಮತ್ತೆ ಹಕ್ಕಿಯನ್ನು ಮುಟ್ಟಲಿಲ್ಲ. ಆದರೆ ಧನವನ್ನು ತೊರೆದು ತೊರೆದೆನೆಂಬ ಹೆಮ್ಮೆಯನ್ನು ತೊರೆಯದ ಸಂನ್ಯಾಸಿಗಳಂತೆ ಅವನು ಬೇಟೆಯನ್ನು ಬಿಟ್ಟು ನೆಲೆಯನ್ನು ಹಿಡಿದುಕೊಂಡನು. ಬೇಸಗೆಯಲ್ಲಿ ವಾರಕ್ಕೆರಡು ಮುಂಜಾವು ಹೊಂಡದ ಬದಿಯ ಜಾಲಿಯ ಮರೆಯಲ್ಲಿ ಕುಳಿತು ಹಕ್ಕಿಗಳನ್ನು ಎಣಿಸಿ ಬರುವನು. ಎಲ್ಲಿಗೆ ಹೋಗಿದ್ದೆ ಎಂದರೆ ಹೆಂಡತಿ ಬೀರವ್ವನಿಗೂ "ಕರ್ಜಗಿ ಕಡೆ" ಎನ್ನುವನು. ಮದುವೆಯಾಗಿ ನಲವತ್ತನಾಲ್ಕು ವರ್ಷಗಳಲ್ಲಿ ಬೀರವ್ವ ಈ ಉತ್ತರವನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಅದನ್ನು ಅವನು ತನ್ನ ಗುಟ್ಟಿನ ಬಿಗಿಯೆಂದೇ ತಿಳಿದಿದ್ದನು.

ಇತ್ತೀಚಿನ ವರ್ಷಗಳಲ್ಲಿ ಈ ಗುಟ್ಟಿಗೆ ಬೆಲೆ ಬಂದಿತ್ತು. ಹಾವೇರಿಯಲ್ಲಿ ಖಗಮಿತ್ರ ಬಳಗವೆಂಬುದು ಹುಟ್ಟಿ, ಬ್ಯಾಡಗಿ, ರಾಣೇಬೆನ್ನೂರುಗಳ ಉತ್ಸಾಹಿಗಳೆಲ್ಲ ಅದರಲ್ಲಿ ಸೇರಿಕೊಂಡಿದ್ದರು. ಇವರು ಬಲೆಯ ಬದಲು ಕ್ಯಾಮೆರಾ ಹಿಡಿದವರು. ಉಳಿದಂತೆ ಬಲೆಗಾರರ ಸಕಲ ಲಕ್ಷಣಗಳೂ ಅವರಲ್ಲಿದ್ದವು. ಬಳಗದ ಅಧ್ಯಕ್ಷನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಶಶಿಕಾಂತ. ಒಳ್ಳೆಯ ಮನುಷ್ಯ, ದೊಡ್ಡ ಲೆನ್ಸು. ಎರಡು ವರ್ಷಗಳಿಂದ ಮೈಲಪ್ಪನ ಪರಿಚಯವಿದ್ದ ಅವನೇ ಕಾರು ಕಳಿಸಿ, ಒಂದು ಭಾನುವಾರ ಹಾವೇರಿಯ ಸಭಾಭವನಕ್ಕೆ ಅವನನ್ನು ಕರೆಸಿ, ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸಿದನು. ಅಂದಿನ ಚರ್ಚೆಯ ವಿಷಯ: ಹಕ್ಕಿಯ ನೆಲೆಯನ್ನು ಕಂಡವನು ಇತರರಿಗೆ ಹೇಳಬೇಕೋ ಬೇಡವೋ.

ಹೇಳಬೇಕೆಂದು ಶಶಿಕಾಂತನು ನಲವತ್ತು ನಿಮಿಷ ಮಾತನಾಡಿದನು. ಜ್ಞಾನವು ಹಂಚಿದಷ್ಟೂ ಹೆಚ್ಚುವ ಸಂಪತ್ತೆಂದನು; ಬಚ್ಚಿಟ್ಟ ವಿದ್ಯೆ ಕೊಳೆಯುತ್ತದೆಂದನು; ನೆಲೆಯನ್ನು ಮುಚ್ಚಿಡುವವನು ಪ್ರಕೃತಿಯ ಕಳ್ಳನೆಂದನು. ಚಪ್ಪಾಳೆ ನಿಂತ ಮೇಲೆ ರಾಣೇಬೆನ್ನೂರಿನ ಸುರೇಖಾ ಎಂಬ ಶಾಲಾ ಶಿಕ್ಷಕಿ ಎದ್ದು ನಿಂತಳು.

"ಸರ್, ಹೋದ ವರ್ಷ ನೀವು ಆ ಕೊಂಬಿನ ಗೂಬಿ ಫೋಟೋ ತಗದಿದ್ರೆಲ್ಲ, ಅದು ಎಲ್ಲಿರಿ?"

ಶಶಿಕಾಂತನು ನೀರು ಕುಡಿದನು.

"ಅದು ಬ್ಯಾರೆ ವಿಷಯ ಐತ್ರಿ ಮೇಡಂ. ಅದು ಗೂಡು ಕಟ್ಟೋ ಟೈಮ್ ಇತ್ತು."

"ಈಗ ಗೂಡು ಕಟ್ಟೋ ಟೈಮ್ ಮುಗದೈತೆಲ್ರಿ."

"ಮುಗದೈತಿ. ಮತ್ತ ಕಟ್ಟತೈತೆಲ್ಲ."

ಸಭೆ ನಕ್ಕಿತು. ನಕ್ಕವರಲ್ಲಿ ಯಾರೊಬ್ಬರೂ ತಮ್ಮ ನೆಲೆಗಳನ್ನು ಹೇಳಲು ಮುಂದಾಗಲಿಲ್ಲ. ಮಾತು ತಿರುಗಿಸಲು ಶಶಿಕಾಂತನು ಮೈಕನ್ನು ಮೈಲಪ್ಪನ ಮುಂದೆ ಹಿಡಿದನು.

"ಅಜ್ಜಾರ, ನೀವರ ಹೇಳ್ರಿ. ಕಲ್ಲುಗೌಜಲ ನೀರಿಗೆ ಎಲ್ಲಿ ಇಳೀತಾವ?"

"ಕರ್ಜಗಿ ಕಡೆ, ಹಳ್ಳದ ದಂಡಿಗೆ," ಎಂದನು ಮೈಲಪ್ಪ, ಕಣ್ಣು ಮಿಟುಕಿಸದೆ.

ಎಲ್ಲರೂ ಸಂತೋಷದಿಂದ ಚಪ್ಪಾಳೆ ತಟ್ಟಿದರು. ಬೇಟೆಗಾರರ ಈ ನೇಮದ ಬಗ್ಗೆ ಶಶಿಕಾಂತನು ಬಳಗದ ವಾರ್ಷಿಕ ಸಂಚಿಕೆಯಲ್ಲಿ ಲೇಖನ ಬರೆದಿದ್ದುದರಿಂದ, ಹಕ್ಕಿ ಕರ್ಜಗಿಯ ಕಡೆಗಿಲ್ಲವೆಂಬುದು ಅಲ್ಲಿದ್ದವರಿಗೆಲ್ಲ ಖಚಿತವಾಯಿತು. ಮೈಲಪ್ಪನು ಶಾಲು ಮಡಚಿಕೊಂಡು, ಅಪ್ಪನ ಹೆಸರು ಉಳಿಸಿದ ತೃಪ್ತಿಯಿಂದ ಊರಿಗೆ ಬಂದನು.

ಮಂಗಳವಾರ ಪಂಚಾಯಿತಿಯ ಗೋಡೆಗೆ ಒಂದು ಹಾಳೆ ಅಂಟಿತು. ಊರಿನ ಹಳೆಯ ನೀರಿನ ಟಾಕಿಯನ್ನು ಕೆಡವಿದ್ದರು. ಅದರ ಕಲ್ಲುಮಣ್ಣನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆಗೆ ಅಧ್ಯಕ್ಷ ವಿರೂಪಾಕ್ಷಪ್ಪನು ಒಂದೇ ಏಟಿಗೆ ಎರಡು ಉಪಕಾರ ಮಾಡುವ ಉತ್ತರವನ್ನು ಕಂಡುಕೊಂಡಿದ್ದನು. ನಿರುಪಯುಕ್ತವಾದ ಕಲ್ಲುಗಣಿ ಹೊಂಡದಲ್ಲಿ ಆಡುವ ಮಕ್ಕಳು ಬೀಳಬಹುದಾದ್ದರಿಂದ ಬರುವ ಸೋಮವಾರ ಅದನ್ನು ಮುಚ್ಚತಕ್ಕದ್ದು ಎಂದು ಹಾಳೆ ಸಾರುತ್ತಿತ್ತು.

ಮೈಲಪ್ಪನು ಅದನ್ನು ಓದಿಸಿಕೊಂಡು ನೇರವಾಗಿ ವಿರೂಪಾಕ್ಷಪ್ಪನ ಕಟ್ಟೆಗೆ ಹೋದನು.

"ಅಧ್ಯಕ್ಷರ, ಹೊಂಡ ಮುಚ್ಚಬ್ಯಾಡ್ರಿ."

"ಯಾಕ ಮೈಲಪ್ಪಣ್ಣ?"

"ಬ್ಯಾಡ್ರಿ."

"ಅದs ಯಾಕ ಅಂತ ಕೇಳಿದ್ನಿ."

"ಬ್ಯಾಡ ಅಂತ ಹೇಳಿದ್ನೆಲ್ರಿ."

ವಿರೂಪಾಕ್ಷಪ್ಪನು ಸಮಾಧಾನದ ಮನುಷ್ಯ. ಎಲೆಗೆ ಸುಣ್ಣ ಹಚ್ಚುತ್ತ ಹೇಳಿದನು: "ನೋಡಣ್ಣಾ, ಬ್ಯಾಡ ಅಂತ ರಿಜಿಸ್ಟರದಾಗ ಬರಿಯಾಕ ಬರೂದಿಲ್ಲ. ಒಂದು ಕಾರಣ ಕೊಡು. ಅಲ್ಲಿ ದೇವರೈತಿ ಅನ್ನು, ನಾಗರಹುತ್ತ ಐತಿ ಅನ್ನು. ಏನರ ಅನ್ನು."

ದೇವರ ಹೆಸರಿನಲ್ಲಿ ಸುಳ್ಳು ಹೇಳಲು ಮೈಲಪ್ಪನಿಗೆ ಮನಸ್ಸಾಗಲಿಲ್ಲ. ಹಕ್ಕಿಯ ಹೆಸರಿನಲ್ಲಿ ನಿಜ ಹೇಳಲು ನಾಲಗೆ ಏಳಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿದನು. ಗುಟ್ಟಿನ ಗತಿ ಹೀಗೆಯೇ: ಅದನ್ನು ಅವನು ಎಷ್ಟು ಚೆನ್ನಾಗಿ ಕಾದಿದ್ದನೆಂದರೆ, ಆ ನೀರು ಯಾರಿಗಾದರೂ ಬೇಕಾದದ್ದೆಂಬ ಸಾಕ್ಷಿಯೇ ಭೂಮಿಯ ಮೇಲೆ ಉಳಿದಿರಲಿಲ್ಲ. ಬುಧವಾರವೆಲ್ಲ ಅವನು ತನ್ನ ಮನೆಯ ಕಟ್ಟೆಯ ಮೇಲೆ ಕುಳಿತನು. ಹೇಳಿದರೆ ಹಕ್ಕಿಯ ನೆಲೆ ಊರ ಪಾಲು. ಹೇಳದಿದ್ದರೆ ಟಾಕಿಯ ಕಲ್ಲಿನ ಪಾಲು. ಗುರುವಾರ ಬೆಳಗಾಗೆದ್ದು ಬ್ಯಾಡಗಿಯ ಬಸ್ಸು ಹತ್ತಿದನು.

ಅದು ಮೆಣಸಿನಕಾಯಿ ಸುಗ್ಗಿ. ಮಾರುಕಟ್ಟೆಯಲ್ಲಿ ಕೆಂಪು ಗುಡ್ಡಗಳು. ಅಲ್ಲಿ ಸೀನದವನು ಮನುಷ್ಯನೇ ಅಲ್ಲ. ಮೈಲಪ್ಪನು ಟವೆಲಿನಿಂದ ಮೂಗು ಮುಚ್ಚಿಕೊಂಡು ಶಶಿಕಾಂತನ ಅಂಗಡಿಯನ್ನು ಹುಡುಕಿ, ಚೀಲಗಳ ಮರೆಗೆ ಅವನನ್ನು ಕರೆದು, ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಹಕ್ಕಿಯ ನೆಲೆಯ ನಿಜವನ್ನು ನುಡಿದನು.

"ಸಾವ್ಕಾರ್ರ, ಕಲ್ಲುಗೌಜಲ ಇಳಿಯೋದು ನಮ್ಮೂರಾಗ. ಹಳೇ ಕಲ್ಲುಗಣಿ ಹೊಂಡದಾಗ. ಸೋಮವಾರ ಅದನ್ನ ಮುಚ್ಚತಾರ. ಐತವಾರ ಬಂದು ಫೋಟೋ ತಗದು ಪಂಚಾಯ್ತ್ಯಾಗ ತೋರಸ್ರಿ. ನೀರು ಉಳೀತೈತಿ."

ಶಶಿಕಾಂತನು ಅವನನ್ನು ನೋಡಿದನು. ಮೆಲ್ಲನೆ ಅವನ ಮುಖದಲ್ಲಿ ರಸಿಕನ ನಗೆ ಮೂಡಿತು.

"ನಿಮ್ಮೂರಾಗ?"

"ಹೌದ್ರಿ."

"ನಿಮ್ಮ ಮನಿ ಹಿಂದ?"

"ಹಿಂದ ಅಂದ್ರ ಹಿಂದs. ಒಂದು ಮೈಲಿನೂ ಇಲ್ಲ."

"ಅಜ್ಜಾರ, ನೀವು ಭಾರೀ ಮನುಷ್ಯಾರು ಬಿಡ್ರಿ. ಹಕ್ಕಿ ನೆಲಿ ಹೇಳಾಕ ಬಸ್ ಹತ್ತಿ ಬಂದಾರ ಅಂತ ನಾ ನಂಬಬೇಕು."

ಮೈಲಪ್ಪನು ಸೊಂಟದ ಚೀಲದಿಂದ ಭಂಡಾರದ ಪೊಟ್ಟಣವನ್ನು ತೆಗೆದನು. ಮೈಲಾರಲಿಂಗನ ಪ್ರಸಾದವಾದ ಆ ಅರಿಸಿನವನ್ನು ಅಂಗೈಯಲ್ಲಿ ಹಿಡಿದು ಸುಳ್ಳು ಹೇಳಿದವನು ಅವನ ಕುಲದಲ್ಲಿ ಇಲ್ಲ.

"ಭಂಡಾರ ಮುಟ್ಟಿ ಹೇಳಾಕತ್ತೇನ್ರಿ."

ಈಗಂತೂ ಶಶಿಕಾಂತನು ಮನಸಾರೆ ನಕ್ಕನು. "ಇದನ್ನೂ ನಾ ಬರದೇನ್ರಿ ಅಜ್ಜಾರ. ಮೈಲಾರಲಿಂಗ ಸ್ವತಃ ಬೇಟಿ ಆಡೋ ದೇವರು. ಬೇಟಿ ನೆಲದ ಸುಳ್ಳಿಗೆ ಆತ ಮಾಫಿ ಕೊಟ್ಟಾನ. ಅದನ್ನ ನಿಮ್ಮ ಬಾಯಿಲೇ ಕೇಳಿ ಬರಕೊಂಡೇನಿ."

ಅದು ನಿಜವಾಗಿತ್ತು. ಎರಡು ವರ್ಷಗಳ ಹಿಂದೆ ಚಹಾ ಕುಡಿಯುತ್ತ ಹುಡುಗಾಟಕ್ಕೆ ಆಡಿದ ಮಾತದು. ಈಗ ಅಚ್ಚಾಗಿ, ಪ್ರಮಾಣವಾಗಿ, ಅವನ ವಿರುದ್ಧವೇ ನಿಂತಿತ್ತು. ಪೊಟ್ಟಣವನ್ನು ಕಟ್ಟಿಕೊಂಡು ಅವನು ಬಸ್ ಸ್ಟ್ಯಾಂಡಿಗೆ ನಡೆದನು.

ಅಷ್ಟಾದರೂ ಭಾನುವಾರ ಬೆಳಗ್ಗೆ, ಬಂದರೂ ಬಂದಾರೆಂಬ ಆಸೆಯಿಂದ, ತೊಳೆದ ಧೋತರವುಟ್ಟು ಹೊಂಡದ ಬದಿಯಲ್ಲಿ ಕುಳಿತನು. ಹೊತ್ತಿಗೆ ಸರಿಯಾಗಿ ಹಕ್ಕಿಗಳು ಬಂದವು, ಅರುವತ್ತಕ್ಕೆ ಎರಡು ಕಡಿಮೆ. ಬಳಗದವರು ಬರಲಿಲ್ಲ. ಕರ್ಜಗಿ ಎಂದದ್ದು ಸುಳ್ಳು, ತನ್ನೂರು ಎಂದದ್ದೂ ಸುಳ್ಳು; ಆದ್ದರಿಂದ ನೆಲೆಯು ಈ ಎರಡನ್ನೂ ಬಿಟ್ಟ ಮೂರನೆಯ ದಿಕ್ಕಿನಲ್ಲಿರಬೇಕೆಂದು ತರ್ಕಬದ್ಧವಾಗಿ ನಿರ್ಣಯಿಸಿ, ಏಳು ಜನ ಖಗಮಿತ್ರರು ಅಂದು ರಾಣೇಬೆನ್ನೂರಿನ ಆಚೆಯ ಒಂದು ಮಡುವಿನ ಬಳಿ ನಸುಕಿನಿಂದ ಮಧ್ಯಾಹ್ನದವರೆಗೆ ಎಮ್ಮೆಗಳನ್ನು ನೋಡುತ್ತ ಕುಳಿತಿದ್ದರು.

ಬಳಗದವರ ದಾರಿ ಕಾಯ್ದು ಸಂಜೆ ಮೈಲಪ್ಪ ಮನೆಗೆ ಬಂದಾಗ ಬೀರವ್ವ ರೊಟ್ಟಿ ಬಡಿಯುತ್ತಿದ್ದಳು.

"ಬಂದ್ರೇನು ನಿನ್ನ ಫೋಟೋದವ್ರು?"

"ಯಾರ ಹೇಳಿದ್ರು ನಿನಗ?"

"ಐತವಾರ ತೊಳದ ಧೋತರ ಉಟಗೊಂಡು ಹೊಂಡಕ್ಕ ಹೋದ್ರ ಯಾಕ ಹೇಳಬೇಕು?"

ಮೈಲಪ್ಪನು ಬಾಗಿಲಲ್ಲೇ ನಿಂತನು. "ಯಾವ ಹೊಂಡಕ್ಕ?"

"ಕರ್ಜಗಿ ಹೊಂಡಕ್ಕ," ಎಂದಳು ಬೀರವ್ವ, ರೊಟ್ಟಿಯನ್ನು ತಿರುವುತ್ತ. "ನಲವತ್ತು ವರ್ಷ ಆತು ಅಲ್ಲಿ ಆಡು ಮೇಯಸಾಕತ್ತು. ನಿನ್ನ ಹಕ್ಕಿ ನನ್ನ ಆಡಿನ ಬಾಜೂಕ ನಿಂತು ನೀರು ಕುಡೀತಾವ. ನೀ ಜಾಲಿ ಹಿಂದ ಕುಂತಿದ್ರ ನಾ ಆ ಕಡೆ ದಿಬ್ಬದ ಮ್ಯಾಲೆ ಕುಂದರ್ತೇನಿ. ನೀ ಹಕ್ಕಿ ಬಿಟ್ಟು ತಲಿ ಎತ್ತಿ ನೋಡಿದ್ದಿಲ್ಲ. ನಿನ್ನ ಕೆಂಪು ರುಮಾಲು ಅಗಡಿತನಕ ಕಾಣತೈತಿ."

"ಮತ್ತ್ಯಾರಿಗೆ ಗೊತ್ತೈತಿ?"

"ಹೆಣ್ಣಮಕ್ಕಳಿಗೆಲ್ಲ ಗೊತ್ತೈತಿ. ಉಚ್ಚಂಗೆವ್ವಗ ಗೊತ್ತೈತಿ, ಹುಸೇನಬಿಗೆ ಗೊತ್ತೈತಿ. ಸೆಗಣಿ ಆರಸಾಕ ಅಲ್ಲೇ ಹೋಗ್ತೇವೆಲ್ಲ. ಗಂಡಸರು ಯಾರೂ ಕೇಳಲಿಲ್ಲ, ನಾವು ಹೇಳಲಿಲ್ಲ."

ನಲವತ್ತು ವರ್ಷಗಳ ಏಕಾಂಗಿ ತಪಸ್ಸು ತಪೋವನದ ತುಂಬ ಜನರ ನಡುವೆ ನಡೆದಿತ್ತೆಂದು ತಿಳಿದಾಗ ಋಷಿಗಾದರೂ ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮೈಲಪ್ಪನು ಒಂದು ಚೊಂಬು ನೀರು ಕುಡಿದು ಹೊರಸಿನ ಮೇಲೆ ಕುಳಿತನು. ತನಗೊಬ್ಬನಿಗೇ ಗೊತ್ತೆಂಬುದು ಅವನ ಒಂದೇ ಆಸ್ತಿಯಾಗಿತ್ತು. ಅದು ಹೋಯಿತು. ನೀರು ಮಾತ್ರ ಇನ್ನೂ ಒಂದು ರಾತ್ರಿ ಇರುತ್ತದೆ.

"ನಾ ಖರೇ ಹೇಳೇನಿ. ನಂಬಲಿಲ್ಲ," ಎಂದನು.

"ನೀ ಹೇಳಿದ್ದಕ್ಕs ನಂಬಿಲ್ಲ."

ಬೀರವ್ವ ಕಡೆಯ ರೊಟ್ಟಿಯನ್ನು ತೆಗೆದು ಬುಟ್ಟಿಗೆ ಹಾಕಿದಳು. ಬಳಿಕ ಮೈಲಪ್ಪನು ಅಂಗಿಯ ಜೇಬಿನಿಂದ ಮೊಬೈಲನ್ನು ತೆಗೆದು, ಶಶಿಕಾಂತನ ನಂಬರನ್ನು ಒತ್ತಿ, ಹಿಟ್ಟು ಮೆತ್ತಿದ ಹೆಂಡತಿಯ ಕೈಯಲ್ಲಿಟ್ಟನು. ಅಪ್ಪ, ಅಜ್ಜ ಇಬ್ಬರೂ ಮಾಡದಿದ್ದ ಕೆಲಸವದು. ಮಾಡುವಾಗ ಅವನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದನು.

"ಸಾವ್ಕಾರ್ರೇನ್ರಿ? ನಾ ಮೈಲಪ್ಪನ ಮನಿಯಾಕಿ. ಆ ಹಕ್ಕಿ ನಮ್ಮೂರ ಗಣಿ ಹೊಂಡದಾಗ ಅದಾವ್ರಿ. ನಾಳೆ ಬಿಸಿಲು ಏರೂದರೊಳಗ ಬರ್ರಿ. ಇಲ್ಲಂದ್ರ ಕಲ್ಲಿನ ಫೋಟೋ ತಕ್ಕೊಂಡು ಹೋಗಬೇಕಾಗತೈತಿ."

ಆ ಕಡೆಯಿಂದ ಕುರ್ಚಿ ಸರಿದ ಸದ್ದು. ಬೇಟೆಗಾರರ ನೇಮವು ಹೆಂಗಸರಿಗೆ ಅನ್ವಯಿಸುವುದಿಲ್ಲವೆಂಬ ಸಂಗತಿ ಶಶಿಕಾಂತನಿಗೆ ತನ್ನ ಲೇಖನದ ಐದನೆಯ ಪುಟದಿಂದಲೇ ನೆನಪಾಗಿರಬೇಕು. ಬೀರವ್ವ ಮತ್ತೊಂದು ನಂಬರಿಗೆ ತಾನೇ ಫೋನು ಮಾಡಿದಳು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಶೀಲಾ, ಹೆಣ್ಣುಮಕ್ಕಳ ಸಂಘದ ಸಭೆಗಳಿಂದ ಅವಳಿಗೆ ಪರಿಚಿತಳು. "ನೋಡಿದ ಮ್ಯಾಲೆ ಬರಿಯೋಣಂತ, ಬೀರವ್ವಾ," ಎಂದಳು ಶೀಲಾ.

ಸೋಮವಾರ, ಮಾರುಕಟ್ಟೆಯ ದಿನವಾದರೂ, ಶಶಿಕಾಂತನ ಕಾರು ಹೊತ್ತು ಮೂಡುವ ಮುನ್ನವೇ ಹೊಂಡದ ಬಳಿ ನಿಂತಿತ್ತು. ಸುರೇಖಾ ಬಂದಿದ್ದಳು, ಶೀಲಾ ಸ್ಕೂಟಿಯಲ್ಲಿ ಬಂದಳು, ವಿರೂಪಾಕ್ಷಪ್ಪನು ಮೋಟಾರ್ ಸೈಕಲ್ ಮೇಲೆ ಬಂದನು. ಅವರ ಹಿಂದೆಯೇ ಟ್ರ್ಯಾಕ್ಟರಿನ ತುಂಬ ಟಾಕಿಯ ಕಲ್ಲು ಹೇರಿಕೊಂಡು ಫಕ್ಕೀರಸಾಬನೂ ಬಂದನು. ಮೈಲಪ್ಪನಿಗೆ ಇದ್ದಕ್ಕಿದ್ದಂತೆ ಅಧಿಕಾರ ಬಂದಿತು.

"ಫಕ್ಕೀರಸಾಬ, ಗಾಡಿ ಬಂದ್ ಮಾಡೋ. ಸಾವ್ಕಾರ್ರ, ಆ ಬಿಳಿ ಟೊಪ್ಪಿಗಿ ತಗೀರಿ. ಅಧ್ಯಕ್ಷರ, ಬಾಯಾಗಿನ ಎಲಿ ನುಂಗ್ರಿ, ಉಗುಳಾಕ ಏಳಬ್ಯಾಡ್ರಿ. ಯಾರೂ ನಿಂದರಬ್ಯಾಡ್ರಿ."

ಎಲ್ಲರೂ ಜಾಲಿಯ ಹಿಂದೆ ಕುಳಿತರು. ಬಿಸಿಲು ಏರಿತು. ಹಕ್ಕಿಗಳು ಬರಲಿಲ್ಲ. ವಿರೂಪಾಕ್ಷಪ್ಪನು ಗಡಿಯಾರ ನೋಡಿದನು. ಫಕ್ಕೀರಸಾಬನು ಬೀಡಿಗೆ ಕೈಹಾಕಿ, ಬೀರವ್ವ ನೋಡಿದ ರೀತಿಗೆ ಕೈ ತೆಗೆದನು. ಆಮೇಲೆ ಬಹುದೂರದಿಂದ, ಕೊಕ್ಕಿನೊಳಗೆ ಕಾಳು ಉರುಳಿಸಿದಂಥ ಒಂದು ಸ್ವರ ಕೇಳಿಸಿತು. ಆಕಾಶದಲ್ಲಿ ಎರಡು ಸುತ್ತು. ಮೂರನೆಯ ಸುತ್ತಿಗೆ ಹಿಂಡು ಇಳಿದು, ನೆಲವೇ ನಡೆಯತೊಡಗಿದಂತೆ ನೀರಿನ ಕಡೆಗೆ ನಡೆಯಿತು. ಎಲ್ಲ ಕುಡಿದು ಎದ್ದುಹೋದ ಮೇಲೂ ಒಂದು ಗಂಡುಹಕ್ಕಿ ನೀರಿನಲ್ಲಿ ಹೊಟ್ಟೆಯಾನಿಸಿ, ಮೈಯನ್ನು ಅತ್ತಿತ್ತ ಅಲುಗಿಸುತ್ತ ಕುಳಿತೇ ಇತ್ತು.

"ಅದಕ್ಕ ಏನರ ಆಗೈತೇನು?" ವಿರೂಪಾಕ್ಷಪ್ಪ ಪಿಸುಗುಟ್ಟಿದನು.

"ಮರಿ ಆಗ್ಯಾವರಿ," ಎಂದನು ಮೈಲಪ್ಪ. "ಹೊಟ್ಟಿ ಪುಚ್ಚ ತೋಯಿಸಿಕೊಂಡು ಒಯ್ತೈತಿ. ಮರಿ ಅದನ್ನ ಚೀಪತಾವ. ಅವಕ್ಕ ಹಾರಾಕ ಬರೂದಿಲ್ಲಲ್ರಿ."

ಹಕ್ಕಿ ಎದ್ದು ಹಾರಿದ ಮೇಲೆ ವಿರೂಪಾಕ್ಷಪ್ಪನು, ನುಂಗದೆ ಉಳಿಸಿಕೊಂಡಿದ್ದ ಎಲೆಯನ್ನು ಕಡೆಗೂ ಉಗುಳಿ, "ಮಂಗಳವಾರ ಇಷ್ಟು ಹೇಳಿದ್ರ ಮುಗೀತಿತ್ತೆಲ್ಲಣ್ಣಾ," ಎಂದನು.

ಶೀಲಾ ಅಲ್ಲಿಯೇ ಸ್ಕೂಟಿಯ ಸೀಟಿನ ಮೇಲೆ ಕಾಗದವಿಟ್ಟು ಬರೆದಳು: ಹೊಂಡ ಮುಚ್ಚುವ ಕೆಲಸ ನಿಲ್ಲಿಸತಕ್ಕದ್ದು, ಊರ ಕಡೆಯ ಬದಿಗೆ ಮಕ್ಕಳು ಇಳಿಯದಂತೆ ಕಲ್ಲಿನ ಗೋಡೆ ಕಟ್ಟತಕ್ಕದ್ದು, ಟಾಕಿಯ ಕಲ್ಲನ್ನು ಅದಕ್ಕೇ ಬಳಸತಕ್ಕದ್ದು. ವಿರೂಪಾಕ್ಷಪ್ಪನು ರುಜು ಹಾಕಿದನು. ಫಕ್ಕೀರಸಾಬನು ಊರ ಕಡೆಯ ಅಂಚಿನಲ್ಲಿ ಕಲ್ಲನ್ನು ಸುರುವಿ, ಯಾರೂ ತನ್ನನ್ನು ಕೇಳದಿದ್ದರೂ, "ನಮ್ಮ ಅವ್ವಾನೂ ಹೇಳ್ತಿದ್ಲು, ಇಲ್ಲಿ ಹಕ್ಕಿ ಬರ್ತಾವ ಅಂತ," ಎಂದು ಹೋದನು.

ಅಂದು ಸಂಜೆಯೊಳಗೆ ಶಶಿಕಾಂತನ ಚಿತ್ರ ಬಳಗದವರ ಮೊಬೈಲುಗಳಲ್ಲೆಲ್ಲ ಹರಡಿತು: ಒದ್ದೆ ಹೊಟ್ಟೆಯ ಗಂಡುಹಕ್ಕಿ, ಒಂದೊಂದು ಹನಿಯೂ ಸ್ಪಷ್ಟ. ಕೆಳಗೆ ಬರೆದಿತ್ತು: "ಹಕ್ಕಿಗಳ ಹಿತದೃಷ್ಟಿಯಿಂದ ಸ್ಥಳವನ್ನು ಗೋಪ್ಯವಾಗಿಡಲಾಗಿದೆ." ಬೀರವ್ವನ ಹೆಸರು ಅದರಲ್ಲಿರಲಿಲ್ಲ; ಸುರೇಖಾ ಅದನ್ನು ಎಲ್ಲರೆದುರು ಕೇಳಿದ ಮೇಲೆ, ಸ್ಥಳೀಯ ಮಹಿಳೆಯೊಬ್ಬರ ಸಹಕಾರವೆಂದು ಸೇರಿಸಲಾಯಿತು. ರಾತ್ರಿ ಶಶಿಕಾಂತನು ಮೈಲಪ್ಪನಿಗೆ ಫೋನು ಮಾಡಿದನು. ಬಹಳ ತಗ್ಗಿದ ದನಿ.

"ಅಜ್ಜಾರ, ಒಂದು ವಿನಂತಿ ಐತಿ. ಆ ಜಾಗಾ ಯಾರಿಗೂ ಹೇಳಬ್ಯಾಡ್ರಿ."

"ನಾ ಹೇಳಿದ್ರ ಯಾರ ನಂಬತಾರ್ರಿ," ಎಂದು ಮೈಲಪ್ಪ ಫೋನಿಟ್ಟನು.

ಮರುದಿನ ಬೀರವ್ವ ಆಡು ಬಿಡುವಾಗ ಅವನೂ ಅವಳ ಜೊತೆಗೆ ಹೊರಟನು. ಎಲ್ಲಿಗೆಂದು ಅವಳು ಕೇಳಲಿಲ್ಲ. ಹೊಂಡದ ಬಳಿ ಅವನು ರೂಢಿಯಂತೆ ಜಾಲಿಯ ಕಡೆಗೆ ತಿರುಗಿದಾಗ ಬೀರವ್ವ ಕೋಲಿನಿಂದ ದಿಬ್ಬವನ್ನು ತೋರಿಸಿದಳು.

"ಅಲ್ಲಿ ಬ್ಯಾಡ. ಅಲ್ಲಿ ಕುಂತ್ರ ನಿನ್ನ ನೆರಳು ನೀರಿಗೆ ಬೀಳತೈತಿ. ಅದಕ್ಕs ಅವು ಎರಡು ಸುತ್ತು ಹೆಚ್ಚು ಹಾಕತಾವ. ಇಲ್ಲಿ ಬಾ. ರುಮಾಲು ತಗಿ."

ಮೈಲಪ್ಪನು ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ದಿಬ್ಬದ ಮೇಲೆ ಅವಳು ತೋರಿಸಿದ ಜಾಗದಲ್ಲಿ ಕುಳಿತನು.